ಹನಿಯ ಲೆಕ್ಕ

ರೋಗಿಯ ಸೇವೆಗೆ ಕರುಣೆ ಬೇಕೆಂಬುದನ್ನು ಎಲ್ಲರೂ ಬಲ್ಲರು. ಗಣಿತವೂ ಬೇಕೆಂಬುದನ್ನು ನಾನು ಶುಶ್ರೂಷಾ ವಿದ್ಯಾರ್ಥಿನಿಯಾದ ಮೇಲೆ ತಿಳಿದೆ.

ಸಲೈನ್ ಬಾಟಲಿಯಿಂದ ಹನಿಹನಿಯಾಗಿ ಇಳಿಯುವ ದ್ರವವನ್ನು ನೋಡದವರು ವಿರಳ. ಇಷ್ಟು ಮಿಲಿಲೀಟರು ಇಷ್ಟು ಗಂಟೆಗಳಲ್ಲಿ ಹೋಗಬೇಕೆಂದು ವೈದ್ಯರು ಬರೆಯುತ್ತಾರೆ. ಅದನ್ನು ನಿಮಿಷಕ್ಕೆ ಎಷ್ಟು ಹನಿ ಎಂದು ಲೆಕ್ಕ ಹಾಕುವುದು ದಾದಿಯ ಹೊಣೆ. ದ್ರವದ ಒಟ್ಟು ಮಿಲಿಲೀಟರನ್ನು, ಒಂದು ಮಿಲಿಲೀಟರಿಗೆ ಬೀಳುವ ಹನಿಗಳಿಂದ ಗುಣಿಸಿ, ಒಟ್ಟು ನಿಮಿಷಗಳಿಂದ ಭಾಗಿಸಬೇಕು. ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ 500 ಮಿಲಿಲೀಟರು 4 ಗಂಟೆಗಳಲ್ಲಿ ಹೋಗಬೇಕಾದರೆ, ನಿಮಿಷಕ್ಕೆ ಸುಮಾರು 42 ಹನಿ.

ಇಷ್ಟು ಸುಲಭವಾದ ಲೆಕ್ಕದಲ್ಲಿಯೇ ಒಂದು ಅಪಾಯ ಅಡಗಿದೆ. ಮಕ್ಕಳಿಗೆ ಬಳಸುವ ಸೂಕ್ಷ್ಮ ಸೆಟ್ಟಿನಲ್ಲಿ ಮಿಲಿಲೀಟರಿಗೆ 60 ಹನಿಗಳು. ಗಂಟೆಗೆ 25 ಮಿಲಿಲೀಟರು ಬೇಕಾದ ಹಸುಗೂಸಿಗೆ ಅದರಲ್ಲಿ ನಿಮಿಷಕ್ಕೆ 25 ಹನಿ ಸರಿ. ಆದರೆ ದೊಡ್ಡವರ ಸೆಟ್ಟನ್ನು ತೂಗುಹಾಕಿ ಅದೇ 25 ಹನಿಗಳನ್ನು ಬಿಟ್ಟರೆ, ಗಂಟೆಗೆ 75 ಮಿಲಿಲೀಟರು ಹೋಗುತ್ತದೆ, ಮೂರು ಪಟ್ಟು! ಆ ಪುಟ್ಟ ಹೃದಯವೂ ಶ್ವಾಸಕೋಶವೂ ಅಷ್ಟು ಭಾರವನ್ನು ತಾಳಲಾರವು. ಅಂಕಿ ಒಂದೇ, ಒಂದೆಡೆ ಅದು ಜೀವದಾನ, ಇನ್ನೊಂದೆಡೆ ಪ್ರಾಣಸಂಕಟ. ಆದುದರಿಂದಲೇ ನಮ್ಮ ಹಿರಿಯ ಸಿಸ್ಟರು ಉತ್ತರ ಕೇಳುವ ಮೊದಲು, "ಯಾವ ಸೆಟ್ಟಮ್ಮಾ? ಪೊಟ್ಟಣ ಓದಿ ಹೇಳು" ಎನ್ನುತ್ತಿದ್ದರು.

ಆ ಮಾತು ನನಗೆ ಹೊಸದಾಗಿರಲಿಲ್ಲ. ಶ್ರೀಮಠದ ಈ ಶಾಲೆಯಲ್ಲಿ ತ್ರೈರಾಶಿ ಕಲಿಸಿದ ಗುರುಗಳು, ಲೀಟರೋ ಮೀಟರೋ ಎಂದು ಬರೆಯದ ಉತ್ತರಕ್ಕೆ ಅಂಕ ಕೊಡುತ್ತಿರಲಿಲ್ಲ. ಬರಿಯ ಅಂಕಿ ಉತ್ತರವಲ್ಲವೆಂಬ ಅವರ ಹಟ ಅಂದು ಕಠಿಣವೆನಿಸಿತ್ತು. ವಾರ್ಡಿನಲ್ಲಿ ಅದರ ಬೆಲೆ ತಿಳಿಯಿತು.

ಲೆಕ್ಕ ಮುಗಿದರೂ ಕೆಲಸ ಮುಗಿಯದು. ರೋಗಿ ಕೈ ಮಡಚಿದರೆ ಹನಿ ನಿಧಾನವಾಗುತ್ತದೆ. ಬಾಟಲಿಯನ್ನು ಮೇಲೇರಿಸಿದರೆ ವೇಗಗೊಳ್ಳುತ್ತದೆ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಬಂದು ಎಣಿಸಬೇಕು. ಇಂದು ಅನೇಕ ಆಸ್ಪತ್ರೆಗಳಲ್ಲಿ ಇನ್‌ಫ್ಯೂಷನ್ ಪಂಪುಗಳಿವೆ ನಿಜ. ಆದರೆ ಆ ಯಂತ್ರಕ್ಕೂ ಅಂಕಿಯನ್ನು ಕೊಡುವುದು ಮನುಷ್ಯನ ಬೆರಳೇ.

ಕಾಯಕವೆಂದರೆ ದುಡಿಮೆಯಷ್ಟೇ ಅಲ್ಲ, ದುಡಿಮೆಯಲ್ಲಿಯ ಎಚ್ಚರವೂ ಹೌದು. ರಾತ್ರಿ ಪಾಳಿಯಲ್ಲಿ, ಯಾರೂ ನೋಡದಿರುವಾಗಲೂ, ನಲವತ್ತೆರಡನೆಯ ಹನಿಯವರೆಗೆ ತಪ್ಪದೆ ಎಣಿಸುವ ದಾದಿಯ ಕಣ್ಣಲ್ಲಿ ನಾನು ಕಂಡದ್ದು ಆ ಎಚ್ಚರವನ್ನೇ.