ಮಲಾಕ್ಕಾದಿಂದ ವಿಜಯಪುರಕ್ಕೆ

ಸಿಂಗಪುರ

ತೀರ್ಥರೂಪು ಅಪ್ಪಾಜಿಯವರಿಗೆ,

ನಿಮ್ಮ ಸೊಸೆ ಬಹಳ ದಿನಗಳಿಂದ ಹೇಳುತ್ತಿದ್ದ ಮಲೇಷ್ಯಾದ ಮಲಾಕ್ಕಾ ಪ್ರವಾಸ ಈ ಶನಿವಾರ, ಭಾನುವಾರ ಕೂಡಿಬಂತು. ಸಿಂಗಪುರದಿಂದ ಸುಮಾರು 240 ಕಿಲೋಮೀಟರ್ ರಸ್ತೆ. ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸುವ ಸಾಲು ದಾಟಿದರೆ ಮುಂದೆಲ್ಲ ಎಣ್ಣೆತಾಳೆ ತೋಟಗಳ ನಡುವಿನ ಹೆದ್ದಾರಿ. ಆದಿಲಶಾಹಿಗಳ ಊರಿನಲ್ಲಿ ಮಕ್ಕಳಿಗೆ ಇತಿಹಾಸ ಕಲಿಸಿದವರು ನೀವು. ಈ ಊರಿನ ಸಂಗತಿ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಪತ್ರ.

ಊರಿನ ನಡುವೆ ಒಂದು ಕೆಂಪು ಚೌಕ. ಡಚ್ ಗವರ್ನರನ ಕಚೇರಿಯಾಗಿದ್ದ ಸ್ಟಾಡ್‌ಹಾಯ್ಸ್ ಕೆಂಪು, ಪಕ್ಕದ ಕ್ರೈಸ್ಟ್ ಚರ್ಚ್ ಕೆಂಪು, ಗಡಿಯಾರದ ಗೋಪುರವೂ ಕೆಂಪು. ನೋಡಿದವರು ಡಚ್ಚರೇ ಬಳಿದ ಬಣ್ಣ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅವರ ಕಾಲದಲ್ಲಿ ಸ್ಟಾಡ್‌ಹಾಯ್ಸ್, ಚರ್ಚು ಎರಡೂ ಬಿಳಿ ಕಟ್ಟಡಗಳು. ಚರ್ಚಿಗೆ ಕೆಂಪು ಬಂದದ್ದು ಬ್ರಿಟಿಷರ ಆಳ್ವಿಕೆಯಲ್ಲಿ, 1911ರಲ್ಲಿ. ಡಚ್ಚರು ಪೋರ್ಚುಗೀಸರಿಂದ ಮಲಾಕ್ಕಾವನ್ನು ಕಿತ್ತುಕೊಂಡದ್ದು 1641ರಲ್ಲಿ. ಅದರ ನೂರನೇ ವರ್ಷಕ್ಕೆ ಶುರುಮಾಡಿದ ಚರ್ಚು ಮುಗಿದದ್ದು 1753ರಲ್ಲಿ. ಒಳಗೆ ಹೋದವರು ತಲೆ ಎತ್ತಿ ಚಾವಣಿ ನೋಡಬೇಕು. ಒಂದೊಂದು ತೊಲೆಯೂ ಒಂದೇ ಮರದ್ದು, ಈ ಗೋಡೆಯಿಂದ ಆ ಗೋಡೆಗೆ ಎಲ್ಲೂ ಜೋಡಣೆಯಿಲ್ಲ. ನಿಮ್ಮ ಮೊಮ್ಮಗ ಬೆಂಚಿನ ಮೇಲೆ ಅಂಗಾತ ಮಲಗಿ ಅವನ್ನೇ ಎಣಿಸುತ್ತಿದ್ದ.

ನದಿಯ ದಂಡೆಯಲ್ಲೊಂದು ದೊಡ್ಡ ಮರದ ಹಡಗು ನಿಂತಿದೆ, ಅದೇ ಅಲ್ಲಿನ ಕಡಲ ವಸ್ತುಸಂಗ್ರಹಾಲಯ. ಪೋರ್ಚುಗೀಸ್ ಹಡಗು ‘ಫ್ಲೋರ್ ದೆ ಲಾ ಮಾರ್’ನ ಪ್ರತಿರೂಪ ಅದು. ನಿಮ್ಮ ನೆನಪು ತುಂಬ ಬಂದದ್ದು ಅಲ್ಲಿ. ಹೊನ್ನಾವರದ ತಿಮ್ಮಯ್ಯನ ಮಾತು ಕೇಳಿ, ಅವನ ನೆರವಿನಿಂದ 1510ರಲ್ಲಿ ನಮ್ಮ ಬಿಜಾಪುರದ ಆದಿಲಶಾಹಿಯ ಕೈಯಿಂದ ಗೋವಾ ಕಸಿದುಕೊಂಡ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಮರುವರ್ಷವೇ ಹಡಗುಗಳನ್ನು ತಂದದ್ದು ಈ ಊರಿನ ಮೇಲೆ. 1511ರ ಆಗಸ್ಟ್‌ನಲ್ಲಿ ಮಲಾಕ್ಕಾ ಬಿತ್ತು. ಸುಲ್ತಾನರ ಊರನ್ನು ದೋಚಿದ ಸಂಪತ್ತನ್ನು ಈ ಹಡಗಿಗೆ ತುಂಬಿಸಿ ಭಾರತದ ಕಡೆ ಹೊರಟರೆ, ಅದೇ ವರ್ಷ ಸುಮಾತ್ರಾದ ಬಳಿ ಅದು ಮುಳುಗಿತು. ಶಾಲೆಯ ಪುಸ್ತಕಗಳಲ್ಲಿ ಗೋವಾದ ಕಥೆ ಗೋವಾದಲ್ಲೇ ನಿಲ್ಲುತ್ತದೆ. ಅದರ ಮುಂದಿನ ಅಧ್ಯಾಯ ಇಲ್ಲಿದೆ.

ಈ ಊರಿನ ಮೇಲೆ ಎಲ್ಲರಿಗೂ ಏಕೆ ಕಣ್ಣು? ಗಾಳಿಯಿಂದಾಗಿ. ಮುಂಗಾರಿನ ಗಾಳಿ ಹಿಡಿದು ಗುಜರಾತ್, ಕೋರಮಂಡಲ, ಬಂಗಾಳದ ಹಡಗುಗಳು ಇಲ್ಲಿಗೆ ಬರುತ್ತಿದ್ದವು. ಮರಳಿ ಹೋಗಬೇಕೆಂದರೆ ಈಶಾನ್ಯದ ಗಾಳಿ ಏಳುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಅದೇ ಗಾಳಿಗೆ ಚೀನಾದ ಹಡಗುಗಳು ಬಂದು ಸೇರುತ್ತಿದ್ದವು. ಸುಲ್ತಾನರು ವರ್ತಕರಿಗಾಗಿ ನಾಲ್ಕು ಮಂದಿ ಶಾಹಬಂದರರನ್ನು, ಅಂದರೆ ಬಂದರಿನ ಅಧಿಕಾರಿಗಳನ್ನು, ಇಟ್ಟಿದ್ದರು, ಅವರಲ್ಲಿ ಒಬ್ಬ ಗುಜರಾತಿಗಳಿಗೇ ಮೀಸಲು. ಈ ಬಂದರಿನಲ್ಲಿ 84 ಭಾಷೆಗಳು ಕಿವಿಗೆ ಬೀಳುತ್ತವೆ ಎಂದು ಪೋರ್ಚುಗೀಸ್ ಬರಹಗಾರ ತೊಮೆ ಪಿರೆಸ್ ಬರೆದಿಟ್ಟಿದ್ದಾನೆ. ಹಾಗೆ ಕಾದವರಲ್ಲಿ ಹಲವರು ಇಲ್ಲಿಯೇ ಮದುವೆಯಾಗಿ ನಿಂತರು. ಮಲಾಕ್ಕಾದ ನಿಜವಾದ ಬಣ್ಣ ಅವರ ಸಂತಾನದಲ್ಲಿದೆ. ಕೆಂಪು ಚೌಕದಲ್ಲಿ ಫೋಟೊ ತೆಗೆಸಿಕೊಂಡು ಹಿಂತಿರುಗಿದವರಿಗೆ ಅದು ಕಾಣುವುದಿಲ್ಲ.

ನದಿ ದಾಟಿ ಅಕ್ಕಸಾಲಿಗರ ಬೀದಿಗೆ ಬಂದರೆ ಪೊಯ್ಯಾತ ವಿನಾಯಗರ್ ಗುಡಿ. 1781ರದ್ದು, ಮಲೇಷ್ಯಾದಲ್ಲಿ ಇಂದಿಗೂ ಪೂಜೆ ನಡೆಯುವ ಅತ್ಯಂತ ಹಳೆಯ ಗುಡಿಗಳಲ್ಲಿ ಒಂದು. ಜಾಗ ಕೊಟ್ಟವರು ಡಚ್ಚರು. ಕೆಲವೇ ಹೆಜ್ಜೆ ಆಚೆ ಕಾಂಪುಂಗ್ ಕ್ಲಿಂಗ್ ಮಸೀದಿ, ಭಾರತದಿಂದ ಬಂದ ಮುಸ್ಲಿಂ ವರ್ತಕರು 1748ರಲ್ಲಿ ಕಟ್ಟಿಸಿದ್ದು. ಗುಮ್ಮಟ ಕಂಡು ಬೆಳೆದವರಿಗೆ ಇದು ಹೊಸ ನೋಟ: ಗುಮ್ಮಟವೇ ಇಲ್ಲ! ಮೂರು ಅಂತಸ್ತಿನ ಇಳಿಜಾರು ಹೆಂಚಿನ ಮಾಡು, ಪಗೋಡದಂಥ ಮಿನಾರು. ಇನ್ನೂ ಮುಂದೆ ಚೆಂಗ್ ಹೂನ್ ತೆಂಗ್, 17ನೇ ಶತಮಾನದ ಚೀನೀ ಗುಡಿ. ಮೂರೂ ಒಂದೇ ಸಾಲಿನಲ್ಲಿ, ಮೂರರಲ್ಲೂ ಭಕ್ತರು.

ಗಣೇಶನ ಗುಡಿಗೆ ನಡೆದುಕೊಳ್ಳುವ ಚಿಟ್ಟಿಗಳ ವಿಷಯ ನಿಮಗೆ ಹೇಳಲೇಬೇಕು. ತಮಿಳು ವರ್ತಕರು ಇಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾಗಿ ಬೆಳೆದ ಕುಲ ಅದು. ಮನೆಮಾತು ಮಲಯ್, ಹೆಂಗಸರ ಉಡುಗೆ ಸರೋಂಗ್ ಮತ್ತು ಕೆಬಾಯ, ದೇವರು ಶಿವ, ಗಣೇಶ, ಮಾರಿಯಮ್ಮ. ಗಾಜಾ ಬೆರಾಂಗ್ ಎಂಬಲ್ಲಿ ಅವರದೇ ಕೇರಿ ಇದೆ. ಭಾಷೆ ಹೋದರೂ ದೇವರು ಉಳಿದಿದ್ದಾರೆ. ಮನೆಯಲ್ಲಿ ಕನ್ನಡ ಆಡಿ, ಹೊರಗೆ ಇಂಗ್ಲಿಷ್ ಆಡುವ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದವರಿಗೆ ಇದು ಸುಮ್ಮನೆ ನೋಡಿ ಬರುವ ಸಂಗತಿಯಲ್ಲ. ನಿಮ್ಮ ಸೊಸೆ ಆ ಗುಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು.

ಗುಡ್ಡದ ಮೇಲೆ ಸೇಂಟ್ ಪಾಲ್ ಇಗರ್ಜಿ. ಈಗ ಅದಕ್ಕೆ ಮಾಡು ಇಲ್ಲ, ಗೋಡೆಗಳಷ್ಟೇ ಉಳಿದಿವೆ. ನೆಲದಲ್ಲಿ ಒಂದು ತೆರೆದ ಗುಂಡಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಗೋವಾದ ಬೊಮ್ ಜೀಸಸ್‌ನಲ್ಲಿ ನೀವು ತೋರಿಸಿದ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಗೋವಾಕ್ಕೆ ಹೋಗುವ ಮೊದಲು, 1553ರಲ್ಲಿ, ಕೆಲವು ತಿಂಗಳು ಇದ್ದದ್ದು ಈ ಗುಂಡಿಯಲ್ಲಿ. ಗುಡ್ಡದ ಬುಡದಲ್ಲಿ ಪೋರ್ಚುಗೀಸ್ ಕೋಟೆಯ ಒಂದೇ ಒಂದು ಬಾಗಿಲು. 1807ರಿಂದ ಬ್ರಿಟಿಷರು ಕೋಟೆಯನ್ನು ಸಿಡಿಮದ್ದಿಟ್ಟು ಒಡೆದರು. ಅವರದೇ ಅಧಿಕಾರಿ ರಾಫೆಲ್ಸ್ ತಡೆದದ್ದರಿಂದ ಇಷ್ಟಾದರೂ ಉಳಿಯಿತು. ಕಮಾನಿನ ಮೇಲೆ ಡಚ್ ಕಂಪನಿಯ ಲಾಂಛನ ಮತ್ತು 1670 ಎಂಬ ಇಸವಿ. ಕೋಟೆ ಪೋರ್ಚುಗೀಸರದು, ಗುರುತು ಡಚ್ಚರದು ಯಾಕೆ ಎಂದು ನಿಮ್ಮ ಮೊಮ್ಮಗಳು ಕೇಳಿದಳು.

ಊಟ ತಿಂಡಿ ಬರೆದರೆ ಇನ್ನೊಂದು ಪತ್ರವಾದೀತು. ಪುಟು ಪಿರಿಂಗ್ ಒಂದನ್ನು ಮಾತ್ರ ಬಿಡಲಾಗದು. ಅಂಗೈಯಗಲದ ತಟ್ಟೆಗೆ ಅಕ್ಕಿಹಿಟ್ಟು ಉದುರಿಸಿ, ನಡುವೆ ತೆಂಗಿನ ನೀರಾ ಕಾಯಿಸಿದ ಕಪ್ಪು ಬೆಲ್ಲ ಇಟ್ಟು, ಮೇಲೆ ಮತ್ತೆ ಹಿಟ್ಟು ಮುಚ್ಚಿ ಹಬೆಗೆ ಇಡುತ್ತಾರೆ. ಕಣ್ಣೆದುರೇ ಬೆಂದು ಬಂದದ್ದಕ್ಕೆ ಉಪ್ಪು ಬೆರೆಸಿದ ಕಾಯಿತುರಿ. ಕಚ್ಚಿದರೆ ಬೆಲ್ಲ ಕರಗಿ ತುಟಿಗೆ ಇಳಿಯುತ್ತದೆ. ಅಮ್ಮನ ಹೂರಣದ ಕಡುಬಿನ ದೂರದ ನೆಂಟ ಎನ್ನಬಹುದು.

ಹೀರೆನ್ ಬೀದಿಯ ಹಳೆಯ ಮನೆಗಳಿಗೆ ಮುಂದಿನ ಅಗಲ ಕಡಿಮೆ, ಒಳಗೆ ಹೋದಷ್ಟೂ ಉದ್ದ, ನಡುವೆ ಬಾನಿಗೆ ತೆರೆದ ತೊಟ್ಟಿ. ಎಂಟನೇ ನಂಬರಿನ ಮನೆಯನ್ನು ಮಲೇಷ್ಯಾದ ಪರಂಪರೆ ಸಂಸ್ಥೆ ಬದಾನ್ ವಾರಿಸಾನ್ ದುರಸ್ತಿ ಮಾಡಿ, ಹಳೆಯ ಮನೆ ಉಳಿಸುವುದು ಹೇಗೆ ಎಂದು ಜನರಿಗೆ ತೋರಿಸುತ್ತಿದೆ. ನಮ್ಮ ವಾಡೆಗಳಿಗೂ ಇಂಥದ್ದೊಂದು ಬೇಕಿತ್ತು. ಆದರೆ ಒಂದು ಕಾಲಕ್ಕೆ ಈ ಬೀದಿಯ ಹಿತ್ತಲಿಗೇ ಬಡಿಯುತ್ತಿದ್ದ ಸಮುದ್ರ ಈಗಿಲ್ಲ. ಮಣ್ಣು ತುಂಬಿ ನೆಲ ಮಾಡಿಕೊಂಡು ಅದನ್ನು ದೂರ ತಳ್ಳಿದ್ದಾರೆ. ಕೋಟೆ ಬಾಗಿಲಿನ ಎದುರು ಈಗ ಮಾಲ್‌ಗಳು. 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಊರು, ತನ್ನನ್ನು ಕಟ್ಟಿದ ಕಡಲನ್ನೇ ಕಣ್ಣಿಂದ ಮರೆ ಮಾಡಬಾರದಿತ್ತು.

ಮುಂದಿನ ಸಲ ನೀವೂ ಅಮ್ಮನೂ ಸಿಂಗಪುರಕ್ಕೆ ಬಂದಾಗ ಮೊದಲ ವಾರಾಂತ್ಯವೇ ಮಲಾಕ್ಕಾ. ಪಾಸ್‌ಪೋರ್ಟಿನ ಅವಧಿ ಒಮ್ಮೆ ನೋಡಿಕೊಳ್ಳಿ, ಮಲೇಷ್ಯಾಕ್ಕೆ ಬೇಕಾದ ಕಾಗದಪತ್ರದ ಬಗ್ಗೆ ಇಲ್ಲಿಂದಲೇ ವಿಚಾರಿಸುತ್ತೇನೆ. ಬರುವಾಗ ತಿಮ್ಮಯ್ಯನ ಬಗ್ಗೆ ನಿಮ್ಮ ಕಪಾಟಿನಲ್ಲಿ ಏನಿದೆಯೋ ಎಲ್ಲ ತನ್ನಿ. ಆ ಹಡಗಿನ ಅಟ್ಟದ ಮೇಲೆ ನಿಂತು ಮೊಮ್ಮಕ್ಕಳಿಗೆ ಆ ಕಥೆಯನ್ನು ನೀವೇ ಹೇಳಬೇಕು.

ಇಂತಿ ನಿಮ್ಮ ಮಗ