ಗಾಳಿಯ ದಾರಿ

ಸಂಶೋಧನೆಯ ಲೆಕ್ಕಾಚಾರಕ್ಕೆಂದು ನಾನೇ ಜೋಡಿಸಿದ ಕಂಪ್ಯೂಟರ್ ನಡುರಾತ್ರಿ ಬಿಸಿಯೇರಿ ನಿಂತುಬಿಡುತ್ತಿತ್ತು. ಮುಂದೆ ಎರಡು ಫ್ಯಾನ್, ಹಿಂದೆ ಒಂದು. ಸಾಲದೆಂದು ಮೇಲೊಂದು ಹಾಕಿದೆ. ಬಿಸಿ ಇಳಿಯಲಿಲ್ಲ.

ಫೋನಿನಲ್ಲಿ ಅಮ್ಮ ಕೇಳಿದಳು: "ಒಳಗೆ ಬಂದ ಗಾಳಿ ಹೊರಗೆ ಹೋಗೋದು ಎಲ್ಲಿಂದ ಮಗಾ? ನಮ್ಮ ಅಡುಗೆಮನೆ ಹೊಗೆ ಬೆಳಕಿಂಡೀಲಿ ಹೋಗ್ತಿರಲಿಲ್ವಾ?"

ಕಾಗದದ ಚೂರು ಹಿಡಿದು ನೋಡಿದೆ. ನಾಲ್ಕೂ ಫ್ಯಾನ್ ಒಳಕ್ಕೇ ಊದುತ್ತಿದ್ದವು! ಗಾಳಿ ಹೊರಬೀಳುವುದು ಫ್ಯಾನಿನ ಅಡ್ಡಪಟ್ಟಿಗಳಿರುವ ಬದಿಯಿಂದ. ನಾನದನ್ನು ಗಮನಿಸಿರಲೇ ಇಲ್ಲ. ಹಿಂದಿನದನ್ನೂ ಮೇಲಿನದನ್ನೂ ಬಿಚ್ಚಿ ತಿರುಗಿಸಿ ಕೂರಿಸಿದೆ. ಮುಂದಿನಿಂದ ತಂಪು ಒಳಗೆ, ಹಿಂದಿನಿಂದ, ಮೇಲಿನಿಂದ ಬಿಸಿ ಹೊರಗೆ. 95 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ 74ಕ್ಕೆ ಇಳಿಯಿತು.

ನಾಲ್ಕು ವರ್ಷದಿಂದ ನಾನೂ ಓದಿ ಓದಿ ಒಳಗೆ ತುಂಬಿಕೊಳ್ಳುತ್ತಲೇ ಇದ್ದೆ. ಒಂದು ಅಧ್ಯಾಯವೂ ಹೊರಬಂದಿರಲಿಲ್ಲ. ಅಂದು ಬೆಳಗಿನ ಜಾವ, ಅರೆಬರೆಯಾದ ಹನ್ನೊಂದು ಪುಟಗಳನ್ನು ಗೈಡ್‌ಗೆ ಕಳಿಸಿ ಮಲಗಿದೆ.