ಚಾಕಣದ ಕೋಟೆ ಕಲಿಸುವ ಪಾಠ



ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ಸುಮಾರು ಮೂವತ್ತು ಕಿಲೋಮೀಟರು ಹೋದರೆ ಚಾಕಣ. ಈರುಳ್ಳಿ ಮಾರುಕಟ್ಟೆ, ವಾಹನ ಕಾರ್ಖಾನೆಗಳು, ಬೆಳಗಿನ ಪಾಳಿಗೆ ಧಾವಿಸುವ ಬಸ್ಸುಗಳು, ಇವು ನಿಮಗೆ ಗೊತ್ತು. ಊರೊಳಗಿನ ಸಂಗ್ರಾಮದುರ್ಗವನ್ನೂ ಒಮ್ಮೆ ನೋಡಿ ಬನ್ನಿ. ಇದು ಬೆಟ್ಟದ ಕೋಟೆಯಲ್ಲ, ಬಯಲಿನ ಕೋಟೆ. ಈಗ ಉಳಿದಿರುವುದು ಮುರಿದ ಗೋಡೆ, ಬುರುಜು, ಕಂದಕದ ಗುರುತು.

1660ರಲ್ಲಿ ಮೊಗಲ ಸರದಾರ ಶಾಯಿಸ್ತೇಖಾನ್ ಇದನ್ನು ಮುತ್ತಿದ. ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಸುಮಾರು ಎರಡು ತಿಂಗಳು ಕಾದಾಡಿದ. ಕಡೆಗೆ ಮೊಗಲರು ಸುರಂಗ ತೋಡಿ, ಮದ್ದು ತುಂಬಿ ಬುರುಜನ್ನು ಹಾರಿಸಿದರು. ಆಗಸ್ಟಿನಲ್ಲಿ ಕೋಟೆ ಬಿತ್ತು. ಹೇಗೆ ಬಿತ್ತೆಂಬುದನ್ನು ಇಲ್ಲಿ ಯಾರೂ ಮುಚ್ಚಿಡುವುದಿಲ್ಲ. ಅದರಿಂದ ಫಿರಂಗೋಜಿಯ ಕೀರ್ತಿಗೆ ಕುಂದೂ ಬಂದಿಲ್ಲ.

ಈ ಮಾತು ಇಂದಿಗೂ ಬೇಕು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಮಂದಿಯ ಹತ್ಯೆಯಾಯಿತು. ಸತ್ತವರಲ್ಲಿ ಪುಣೆಯವರಿದ್ದರು, ಶಿವಮೊಗ್ಗದವರೂ ಇದ್ದರು. ಆಪರೇಷನ್ ಸಿಂಧೂರದ ಬಳಿಕ ಜುಲೈಯಲ್ಲಿ ಲೋಕಸಭೆಯಲ್ಲಿ ಚರ್ಚೆ ನಡೆಯಿತು. ಅಲ್ಲಿ ಭದ್ರತೆ ಏಕಿರಲಿಲ್ಲ, ಕದನವಿರಾಮ ಏಕೆ ಎಂದು ವಿರೋಧಪಕ್ಷ ಕೇಳಿತು. ದಾಳಿಕೋರರು ಮೂವರನ್ನೂ ಕೊಂದೆವೆಂದು ಸರಕಾರ ತಿಳಿಸಿತು, ನಿಜ. ಆದರೆ ಉತ್ತರದ ಒಂದಷ್ಟು ಭಾಗ ನೆಹರೂ ಕಾಲಕ್ಕೆ, 1962ಕ್ಕೆ, 1971ಕ್ಕೆ ಹೊರಳಿತು. ವಿರೋಧಪಕ್ಷವೂ ಇಂದಿರಾ ಗಾಂಧಿಯವರ 1971ನ್ನು ಎತ್ತಿ ತೋರಿಸಿತು. 2020ರಲ್ಲಿ ಗಲ್ವಾನ್ ಘರ್ಷಣೆಯ ನಂತರ ಸರಕಾರವನ್ನು ರಾಹುಲ್ ಗಾಂಧಿ ಟೀಕಿಸಿದಾಗ, ಇದೇ ಪುಣೆ ಜಿಲ್ಲೆಯ ಶರದ್ ಪವಾರರು, ಮೈತ್ರಿಕೂಟದವರಾಗಿದ್ದರೂ, 1962ರಲ್ಲಿ ಕಳೆದುಕೊಂಡ ನೆಲವನ್ನು ನೆನಪಿಸಿದ್ದರು.

ಹಳೆಯ ತಪ್ಪು ನಿಜವೇ ಇರಬಹುದು. ಆದರೂ ಅದು ಇಂದಿನ ಪ್ರಶ್ನೆಗೆ ಉತ್ತರವಲ್ಲ. ಅಜ್ಜನ ಸಾಲವನ್ನು ತೋರಿಸಿದರೆ ಮೊಮ್ಮಗನ ಸಾಲ ತೀರೀತೇ?

ಅದೇ 1962ಕ್ಕೆ ಇನ್ನೊಂದು ಮುಖವಿದೆ. ಯುದ್ಧ ನಡೆಯುತ್ತಿರುವಾಗಲೇ, ನವೆಂಬರ್ 8ರಂದು, ನೆಹರೂ ಸಂಸತ್ತನ್ನು ಸೇರಿಸಿದರು. ಕಟು ಟೀಕೆ ಕೇಳಿದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಹುದ್ದೆ ಬಿಡಬೇಕಾಯಿತು. ಆ ಸ್ಥಾನಕ್ಕೆ ಮಹಾರಾಷ್ಟ್ರದ ಯಶವಂತರಾವ್ ಚವ್ಹಾಣರು ಹೋದರು. ಹಿಮಾಲಯದ ನೆರವಿಗೆ ಸಹ್ಯಾದ್ರಿ ಧಾವಿಸಿತೆಂದು ಇಲ್ಲಿನವರು ಇಂದಿಗೂ ಹೆಮ್ಮೆಪಡುತ್ತಾರೆ. ಪ್ರಶ್ನೆ ಕೇಳಿದ್ದರಿಂದ ಸೈನಿಕರಿಗೆ ಆಗ ಅವಮಾನವಾಗಲಿಲ್ಲ.

ಮತ ಹಾಕುವ ವಯಸ್ಸು ನಿಮಗೆ ಬಂದಿದೆ, ಇಲ್ಲವೇ ಬರಲಿದೆ. ವೇದಿಕೆಯ ಮೇಲಿನವರು ಯಾವ ಪಕ್ಷದವರೇ ಆಗಿರಲಿ, ಹಳೆಯ ಯುದ್ಧದ ಹೆಸರೆತ್ತಿದರೆ ಗೌರವದಿಂದ ಕೇಳಿ. ಆಮೇಲೆ ವಿನಯದಿಂದಲೇ, "ಸರಿ ಸ್ವಾಮಿ, ಈಗಿನದಕ್ಕೆ ಏನು ಹೇಳುತ್ತೀರಿ?" ಎಂದು ವಿಚಾರಿಸಿ.